ಶುಗರ್ ಇರುವವರ ಜೊತೆಗಿದ್ದರೆ: ಯಾವಾಗ ಕೈಹಾಕಬೇಕು, ಯಾವಾಗ ಸುಮ್ಮನಿರಬೇಕು

ಶುಗರ್ ಇರುವವರ ಸುತ್ತಲಿನವರು ಮಾಡುವ ಎಡವಟ್ಟು ಎರಡೇ ಬಗೆಯದು. ಸುಮ್ಮನಿರಬೇಕಾದ ಕಡೆ ಬಾಯಿಹಾಕುವುದು, ಕೈಹಾಕಬೇಕಾದ ಕಡೆ ಸುಮ್ಮನಿರುವುದು. ತಟ್ಟೆಯ ಮೇಲೆ ಮನೆಮಂದಿಯೆಲ್ಲರ ಕಣ್ಣಿರುತ್ತದೆ. ಆದರೆ ಅದೇ ಮನುಷ್ಯನ ಶುಗರ್ 50ಕ್ಕೆ ಇಳಿದು ಕೈ ನಡುಗುವಾಗ ಏನನ್ನು, ಎಷ್ಟು ಕೊಡಬೇಕೆಂದು ಒಬ್ಬರಿಗೂ ತೋಚುವುದಿಲ್ಲ.

ಕೇಳದೆ ಕೈಹಾಕಬೇಕಾದ ಸಂದರ್ಭ ಎರಡು ಮಾತ್ರ: ಶುಗರ್ ತೀರಾ ಇಳಿದಾಗ, ಮತ್ತು ಕಾಯಿಲೆ ಬಿದ್ದು ವಾಂತಿ ಶುರುವಾದಾಗ. ಉಳಿದೆಲ್ಲ ಹೊತ್ತು, ಊಟದ ಹೊತ್ತೂ ಸೇರಿ, ಕೇಳಿ ಮಾಡಬೇಕು. ಈ ಗೆರೆ ಎಲ್ಲಿದೆಯೆಂದು ಮನೆಯವರು ಒಮ್ಮೆ ಕೂತು ಮಾತಾಡಿಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಯಾರಿಗೆ ಎಷ್ಟು ಹೇಳಬೇಕು

ಮಾತು ಶುಗರ್ ಇರುವವರಿಂದಲೇ ಶುರುವಾಗಲಿ. ಒಂದೇ ಸೂರಿನಡಿ ಮಲಗುವವರಿಗೆ ಪೂರ್ತಿ ಗೊತ್ತಿರಬೇಕು. ಕೆಲಸದಲ್ಲಿ ಪಕ್ಕ ಕೂರುವವರಿಗೆ, ಜೊತೆಯಲ್ಲಿ ಓಡಾಡುವ ಗೆಳೆಯರಿಗೆ ಶುಗರ್ ಲೋ ಆದರೆ ಏನು ಮಾಡಬೇಕೆಂಬುದಷ್ಟೇ ಸಾಕು. ಮಿಕ್ಕವರಿಗೆ ಏನೂ ಹೇಳದಿದ್ದರೂ ನಡೆಯುತ್ತದೆ, ಅದು ಮುಚ್ಚಿಟ್ಟಂತಲ್ಲ.

ಹೊತ್ತು ನೋಡಿ ಹೇಳಿ. ಶುಗರ್ ನೋಡುವ ಮೀಟರ್ 280 ತೋರಿಸಿದ ಐದು ನಿಮಿಷಕ್ಕೆ, ಅಥವಾ ಬಡಿಸುತ್ತಿರುವಾಗ ಈ ಮಾತು ತೆಗೆದರೆ ಅದು ಜಗಳದಲ್ಲೇ ಮುಗಿಯುವುದು. ಶುಗರ್ ಸರಿಯಿದ್ದು ಎಲ್ಲರ ಹೊಟ್ಟೆ ತುಂಬಿರುವ ಹೊತ್ತು ಒಳ್ಳೆಯದು.

ಮೊದಲು ತಿಳಿಸಬೇಕಾದ್ದು, ನಿಮ್ಮ ಔಷಧಿಗೆ ಶುಗರನ್ನು ಅತಿಯಾಗಿ ಇಳಿಸುವ ಶಕ್ತಿ ಇದೆಯೇ ಎಂಬುದು. ಇನ್ಸುಲಿನ್‌ಗೆ ಇದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆಗಳಿಗೂ ಇದೆ. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಲೋ ಆಗುವುದು ಅಪರೂಪ. ಇದು ಗೊತ್ತಿಲ್ಲದ ಮನೆಯಲ್ಲಿ ಮೆಟ್‌ಫಾರ್ಮಿನ್ ಮಾತ್ರ ತಗೊಳ್ಳುವ ಅಜ್ಜನಿಗೆ ತಲೆಸುತ್ತಿದಾಗಲೆಲ್ಲ ಸಕ್ಕರೆ ನೀರು ಕುಡಿಸುತ್ತಾರೆ. ಇನ್ಸುಲಿನ್ ತಗೊಳ್ಳುವ ಸೊಸೆ ಬೆವರಿ ಕೂತರೆ "ಸೆಕೆ ಇರಬೇಕು" ಎಂದು ಫ್ಯಾನ್ ಹಾಕುತ್ತಾರೆ.

ಒಂದು ಹಾಳೆಯಲ್ಲಿ ಔಷಧಿಯ ಹೆಸರು, ಡೋಸ್, ಹೊತ್ತು, ವೈದ್ಯರ ಫೋನ್ ನಂಬರು, ಗ್ಲುಕೋಸ್ ಎಲ್ಲಿಟ್ಟಿದೆ ಎಂಬುದನ್ನು ಬರೆದು ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಫೋಟೋ ತೆಗೆದು ಎಲ್ಲರ ಫೋನಿನಲ್ಲೂ ಇಡಿ. ಡೋಸ್ ಬದಲಾದಾಗಲೆಲ್ಲ ತಾರೀಖು ಹಾಕಿ ಹೊಸದಾಗಿ ಬರೆಯಬೇಕು. ಹಳೇ ಡೋಸಿನ ಚೀಟಿ ನಂಬಿ ಯಾರಾದರೂ ಇನ್ಸುಲಿನ್ ಹಾಕಿದರೆ ಚೀಟಿಯೇ ಇಲ್ಲದಿದ್ದರೆ ವಾಸಿಯಿತ್ತು ಅನ್ನಿಸುತ್ತದೆ.

ಶುಗರ್ ಲೋ ಆದಾಗ

ಮೀಟರಿನಲ್ಲಿ 70ಕ್ಕಿಂತ (mg/dL ಅಳತೆ) ಕಡಿಮೆ ಬಂದರೆ ಲೋ. ಬೇರೆ ಅಳತೆಯ (mmol/L) ಮೀಟರುಗಳಲ್ಲಿ ಇದು 3.9 ಎಂದು ಕಾಣುತ್ತದೆ. 54ಕ್ಕಿಂತ ಕೆಳಗಿದ್ದರೆ ಗಂಭೀರ. ಯಾರಾದರೊಬ್ಬರು ಪಕ್ಕ ಬಿಟ್ಟು ಕದಲಬಾರದು.

ನಡುಕ, ತಣ್ಣನೆಯ ಬೆವರು, ಎದೆಬಡಿತ, ಇದ್ದಕ್ಕಿದ್ದಂತೆ ಹಸಿವು: ಇವು ಶುಗರ್ ಇಳಿದವರಿಗೆ ಗೊತ್ತಾಗುವ ಲಕ್ಷಣಗಳು. ನೋಡುವವರ ಕಣ್ಣಿಗೆ ಎಷ್ಟೋ ಸಲ ಮೊದಲು ಬೀಳುವುದು ನಡತೆಯಲ್ಲಿನ ಬದಲಾವಣೆ. ಅಂಗಿಯ ಗುಂಡಿಯನ್ನು ತಪ್ಪು ಕಾಜಿಗೆ ಹಾಕುತ್ತಾರೆ, ಬಿಚ್ಚುತ್ತಾರೆ, ಮತ್ತೆ ಅದೇ ಕಾಜಿಗೇ ಹಾಕುತ್ತಾರೆ. ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತದೆ. ಏನಾಯಿತೆಂದರೆ "ನಂಗೇನೂ ಆಗಿಲ್ಲ, ಸುಮ್ನಿರು" ಎಂದು ಸಿಡುಕುತ್ತಾರೆ. ಮಿದುಳು ನಡೆಯುವುದು ಗ್ಲುಕೋಸಿನ ಮೇಲೆ. ತನಗೆ ಲೋ ಆಗಿದೆಯೆಂದು ನಿರ್ಧರಿಸಬೇಕಾದ ಮಿದುಳೇ ಆಗ ಉಪವಾಸ. ಹಾಗಾಗಿ ಆ ಹೊತ್ತಿನಲ್ಲಿ ವಾದ ಬೇಡ, "ಲೋ ಆಗಿದೆಯಾ?" ಎಂಬ ಪ್ರಶ್ನೆಯೂ ಬೇಡ. ಲೋಟ ಕೈಗಿಟ್ಟು "ಇದನ್ನ ಕುಡೀರಿ, ಆಮೇಲೆ ಮಾತಾಡೋಣ" ಎಂದರೆ ಸಾಕು. ಸಿಟ್ಟಿನಲ್ಲಿ ಏನಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅರ್ಧ ಗಂಟೆ ಬಿಟ್ಟು ಅವರಿಗೆ ಅದು ನೆನಪಿರದೆಯೂ ಇರಬಹುದು.

ಮೀಟರ್ ಕೈಗೆ ಸಿಗುವಂತಿದ್ದರೆ ನೋಡಿ, ಇಲ್ಲದಿದ್ದರೆ ಹುಡುಕುತ್ತ ಕೂರದೆ ಕೊಟ್ಟುಬಿಡಿ. ಬೇಕಾದ್ದು 15 ಗ್ರಾಂ ಬೇಗ ಕರಗುವ ಸಕ್ಕರೆ. 4 ಗ್ರಾಮಿನ ಗ್ಲುಕೋಸ್ ಮಾತ್ರೆಯಾದರೆ ನಾಲ್ಕು, ಅಗಿದು ನುಂಗಬೇಕು. ಸಕ್ಕರೆಯಾದರೆ ಟೀ ಚಮಚದಲ್ಲಿ ಮಟ್ಟಸವಾಗಿ ನಾಲ್ಕು, ಅರ್ಧ ಲೋಟ ನೀರಿನಲ್ಲಿ ಕದಡಿ. ಹಣ್ಣಿನ ರಸವಾದರೆ ಸುಮಾರು 120 ಮಿಲಿ, ಸಕ್ಕರೆ ಇರುವ ತಂಪು ಪಾನೀಯವಾದರೆ 150 ಮಿಲಿ. ಗಾಬರಿಯಲ್ಲಿ ಫ್ರಿಜ್ಜಿನಿಂದ 'ಡಯಟ್' ಬಾಟಲಿ ತೆಗೆದು ಕುಡಿಸಿಬಿಡುವುದುಂಟು. ಅದರಲ್ಲಿ ಸಕ್ಕರೆಯೇ ಇಲ್ಲ. ಚಾಕೊಲೇಟ್, ಐಸ್‌ಕ್ರೀಮ್ ಈ ಕೆಲಸಕ್ಕೆ ಆಗುವುದಿಲ್ಲ, ಕೊಬ್ಬು ಸೇರಿದ ಸಿಹಿ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ.

ಕೊಟ್ಟು 15 ನಿಮಿಷ ಗಡಿಯಾರ ನೋಡಿ ಕಾಯಿರಿ. ಮತ್ತೆ ಬೆರಳು ಚುಚ್ಚಿ ಶುಗರ್ ನೋಡಿ. ಇನ್ನೂ 70ರ ಕೆಳಗಿದ್ದರೆ ಇನ್ನೊಂದು 15 ಗ್ರಾಂ. ಮೂರು ಸುತ್ತಾದರೂ ಏಳದಿದ್ದರೆ ಆಸ್ಪತ್ರೆಗೆ ಹೊರಡಬೇಕು. ಸರಿಯಾದ ಮೇಲೆ ಮುಂದಿನ ಊಟಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತಿದ್ದರೆ ಏನಾದರೂ ಚೂರು ತಿನ್ನಲಿ. ಗಾಡಿ ಓಡಿಸುವುದಿದ್ದರೆ ಶುಗರ್ ಸರಿಹೋದ ಮೇಲೂ 45 ನಿಮಿಷ ಕಾಯಬೇಕು, ಮೀಟರ್ ಚೇತರಿಸಿಕೊಂಡಷ್ಟು ಬೇಗ ಮಿದುಳು ಚೇತರಿಸಿಕೊಳ್ಳುವುದಿಲ್ಲ.

ಆ 15 ನಿಮಿಷ ಕಾಯುವುದೇ ಕಷ್ಟದ ಕೆಲಸ. ಲೋ ಆದವರಿಗೆ ಮನೆಯಲ್ಲಿರುವುದನ್ನೆಲ್ಲ ಬಾಚಿ ತಿನ್ನುವಷ್ಟು ಹಸಿವು, ಎದುರಿನವರಿಗೆ ಗಾಬರಿ. ಇಬ್ಬರೂ ಸೇರಿ 60 ಗ್ರಾಂ ಒಳಗೆ ಕಳಿಸಿದರೆ ಎರಡು ಗಂಟೆ ಬಿಟ್ಟು ಮೀಟರ್ 300 ತೋರಿಸಬಹುದು. ಶುಗರನ್ನು ಸದಾ ಅಳೆಯುವ ಸೆನ್ಸರ್ ತೋಳಿನಲ್ಲಿ ಇರುವವರಲ್ಲಿ ಇದು ಇನ್ನೂ ಹೆಚ್ಚು. ಸೆನ್ಸರ್ ಅಳೆಯುವುದು ಚರ್ಮದ ಕೆಳಗಿನ ದ್ರವವನ್ನು, ಅದು ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದಿರುತ್ತದೆ. ರಕ್ತದಲ್ಲಿ ಶುಗರ್ ಏರಿದ್ದರೂ ಪರದೆಯ ಮೇಲೆ ಇನ್ನೂ 62 ಇರುತ್ತದೆ, ಜನ ಮತ್ತೊಂದು ಲೋಟ ಕುಡಿಸುತ್ತಾರೆ. ಚಿಕಿತ್ಸೆಯಾದ ಮೇಲಿನ ಮರುಪರೀಕ್ಷೆಗೆ ಬೆರಳು ಚುಚ್ಚುವುದೇ ಸರಿ.

ಇನ್ನೆರಡು ವಿಷಯ ಮನೆಯವರಿಗೆ ಸಾಮಾನ್ಯವಾಗಿ ಯಾರೂ ಹೇಳಿರುವುದಿಲ್ಲ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ತಗೊಳ್ಳುವವರಲ್ಲಿ ಮಾಮೂಲಿ ಸಕ್ಕರೆ ಕರುಳಿನಲ್ಲಿ ಒಡೆಯುವುದು ತಡವಾಗುತ್ತದೆ, ಆದ್ದರಿಂದ ಅವರಿಗೆ ಗ್ಲುಕೋಸ್ ಪುಡಿ ಅಥವಾ ಮಾತ್ರೆಯನ್ನೇ ಕೊಡಬೇಕು. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯಿಂದ ಆದ ಲೋ ಒಮ್ಮೆ ಸರಿಹೋಗಿ ಕೆಲವು ಗಂಟೆಗಳ ನಂತರ ಮತ್ತೆ ಬರಬಹುದು; ವಯಸ್ಸಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಹೆಚ್ಚು. ಅವರನ್ನು "ಈಗ ಸರಿಯಿದ್ದಾರಲ್ಲ" ಎಂದು ಒಂಟಿಯಾಗಿ ಮಲಗಿಸಬೇಡಿ, ವೈದ್ಯರನ್ನು ಕೇಳಿ.

ಪ್ರಜ್ಞೆ ತಪ್ಪಿದ್ದರೆ, ನುಂಗಲು ಆಗದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ನೀರಾಗಲಿ ಸಕ್ಕರೆಯಾಗಲಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಆಂಬುಲೆನ್ಸ್ ಕರೆಯಿರಿ. ಮನೆಯಲ್ಲಿ ಗ್ಲುಕಗಾನ್ (ಶುಗರ್ ಏರಿಸುವ ತುರ್ತು ಔಷಧಿ) ಇದ್ದರೆ ಕೊಡಿ: ದೊಡ್ಡವರಿಗೆ ಇಂಜೆಕ್ಷನ್ 1 ಮಿ.ಗ್ರಾಂ, ಮೂಗಿಗೆ ಹಾಕುವ ಪುಡಿಯಾದರೆ 3 ಮಿ.ಗ್ರಾಂ. ಎಚ್ಚರವಾಗುವಾಗ ವಾಂತಿಯಾಗುವುದು ಸಾಮಾನ್ಯ, ಮಗ್ಗುಲಿಗೆ ಮಲಗಿಸುವುದು ಅದಕ್ಕೇ. ಗಾಬರಿಯಲ್ಲಿ ಇನ್ಸುಲಿನ್ ಹಾಕಿಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಊಟಕ್ಕೆ ಕೂತಾಗ

"ಇದು ನೀವು ತಿನ್ನಬಹುದಾ?" ಈ ಒಂದು ಪ್ರಶ್ನೆ ಶುಗರ್ ಇರುವವರನ್ನು ದಣಿಸುವಷ್ಟು ಇನ್ನಾವುದೂ ದಣಿಸುವುದಿಲ್ಲ. ಬಹುಪಾಲು ಉತ್ತರ "ಹೂಂ, ಸ್ವಲ್ಪ" ಎಂದೇ ಇರುತ್ತದೆ. ರಕ್ತದ ಶುಗರ್ ಏರಿಸುವುದು ಸಿಹಿಯೊಂದೇ ಅಲ್ಲ, ಪಿಷ್ಟವೆಲ್ಲ ಏರಿಸುತ್ತದೆ. ಸಿಹಿಯ ಬಟ್ಟಲನ್ನು ದೂರ ಸರಿಸಿ ಅನ್ನವನ್ನು ಎರಡನೇ ಸಲ ಬಡಿಸುವವರಿಗೆ ಇದು ಹೊಳೆದಿರುವುದಿಲ್ಲ.

ಅಳತೆಗೆ ಸುಲಭ ಉಪಾಯ ತಟ್ಟೆಯೇ. ಸುಮಾರು 9 ಇಂಚಿನ ತಟ್ಟೆಯ ಅರ್ಧ ಭಾಗ ಪಿಷ್ಟ ಕಡಿಮೆಯಿರುವ ತರಕಾರಿ, ಕಾಲು ಭಾಗ ಪ್ರೋಟೀನ್, ಉಳಿದ ಕಾಲು ಅನ್ನವೋ ಗೆಣಸೋ ಇನ್ನಾವುದೋ ಪಿಷ್ಟ. ಇದು ಮನೆಯವರೆಲ್ಲ ತಿನ್ನಬಹುದಾದ ಊಟವೇ, ಒಬ್ಬರಿಗೆಂದು ಬೇರೆ ಅಡುಗೆ ಮಾಡಿ ಬೇರೆ ಪಾತ್ರೆಯಲ್ಲಿ ತಂದಿಡುವ ಅಗತ್ಯವಿಲ್ಲ. ಸಿಹಿ ತಿನ್ನುವ ದಿನ ಪಿಷ್ಟದ ಕಾಲು ಭಾಗವನ್ನು ಅಷ್ಟೇ ಕಡಿಮೆ ಮಾಡಿ, ಊಟದ ಕೊನೆಗೆ ಸಣ್ಣ ತುಂಡು ತಿನ್ನುವುದು ಖಾಲಿ ಹೊಟ್ಟೆಗೆ ತಿನ್ನುವುದಕ್ಕಿಂತ ಮೇಲು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಏರಿಕೆ ತಗ್ಗುತ್ತದೆ. ಮನೆಯವರು ಸಹಾಯ ಮಾಡಬೇಕೆಂದಿದ್ದರೆ ಚಪ್ಪಲಿ ಮೆಟ್ಟಿ ಜೊತೆಗೆ ಹೊರಡುವುದು ಉಪದೇಶಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಊಟಕ್ಕೆ ಕರೆಯುವವರು ಸರಿಯಾಗಿ ಹೇಳಬೇಕಾದದ್ದು ಹೊತ್ತು. ವೇಗದ ಇನ್ಸುಲಿನನ್ನು ಊಟಕ್ಕೆ 10–15 ನಿಮಿಷ ಮೊದಲು, ಹಳೆಯ ರೆಗ್ಯುಲರ್ ಇನ್ಸುಲಿನನ್ನು 30 ನಿಮಿಷ ಮೊದಲು ಹಾಕಿಕೊಳ್ಳುತ್ತಾರೆ. "ಇನ್ನೇನು ಆಯ್ತು, ಬಡಿಸಿಬಿಡ್ತೀವಿ" ಎಂಬ ಮಾತು ನಂಬಿ ಚುಚ್ಚಿಕೊಂಡವರಿಗೆ ಊಟ ಒಂದು ಗಂಟೆ ತಡವಾದರೆ ಕೂತಲ್ಲೇ ಲೋ ಆಗುತ್ತದೆ. ಪರಿಚಯವಿಲ್ಲದ ಕಡೆ ತಟ್ಟೆ ಕಣ್ಣಿಗೆ ಬಿದ್ದ ಮೇಲೆಯೇ ಚುಚ್ಚಿಕೊಳ್ಳಿ. ಶುಗರ್ ತುಸು ಏರಿದರೂ ಅದು ಲೋಗಿಂತ ವಾಸಿ. ಆಗಲೇ ಚುಚ್ಚಿಕೊಂಡಿದ್ದು ಊಟದ ಸುಳಿವಿಲ್ಲದಿದ್ದರೆ ನಾಚಿಕೆ ಬಿಟ್ಟು ಏನಾದರೂ ಕೇಳಿ ತಿನ್ನಿ. ಚುಚ್ಚಿಕೊಳ್ಳಲು ಬೆಳಕಿರುವ ಜಾಗ ಬೇಕು, ಡೋಸಿನ ಅಂಕಿ ಕಾಣಬೇಕಲ್ಲ. ಬಚ್ಚಲಿಗೆ ಕಳಿಸುವ ಮರ್ಯಾದೆ ಬೇಡ.

ಬಡಿಸುವವರು ಪಾನಕಕ್ಕೆ, ಗೊಜ್ಜಿಗೆ ಸಕ್ಕರೆ ಹಾಕಿದ್ದರೆ ಹಾಕಿದ್ದೇವೆಂದು ಹೇಳಿ. ಬಿಳಿ ಸಕ್ಕರೆ ಬದಲು ಜೇನು ಹಾಕಿದೆ ಎಂಬುದು ಸಮಾಧಾನದ ಮಾತಲ್ಲ, ಶುಗರ್ ಅದರಿಂದಲೂ ಏರುತ್ತದೆ. 'ಶುಗರ್ ಫ್ರೀ' ಎಂದು ಬರೆದ ಬಿಸ್ಕೆಟಿನಲ್ಲೂ ಹಿಟ್ಟು ಇದ್ದೇ ಇರುತ್ತದೆ. ಉಡುಗೊರೆ ತರುವವರು ಅದಕ್ಕೆ ದುಡ್ಡು ಸುರಿಯಬೇಕಿಲ್ಲ. ಹಣ್ಣು ತರಬಹುದು, ಆದರೆ ರಸ ಹಿಂಡಬೇಡಿ. ರಸದಲ್ಲಿ ನಾರು ಹೋಗಿ ಮೂರು ಹಣ್ಣಿನ ಸಕ್ಕರೆ ಒಂದೇ ಲೋಟಕ್ಕೆ ಇಳಿದಿರುತ್ತದೆ.

ಬೇಡ ಎನ್ನುವ ಬಗೆಗೂ ಒಂದು ಗುಟ್ಟಿದೆ. "ನಂಗೆ ಶುಗರ್ ಇದೆ" ಎಂದರೆ "ಒಂದಿನಕ್ಕೆ ಏನಾಗಲ್ಲ", "ನಮ್ಮ ಚಿಕ್ಕಪ್ಪ ದಿನಾ ತಿಂತಾರೆ" ಎಂದು ಚರ್ಚೆ ಶುರುವಾಗುತ್ತದೆ. "ರುಚಿ ನೋಡಿದೆ, ಚೆನ್ನಾಗಿದೆ, ಸಾಕು" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಿರಿಯರು ಬಿಡದಿದ್ದರೆ "ಅತ್ತೆ, ಅರ್ಧ ಹಾಕಿ, ಇನ್ನರ್ಧ ನಾಳೆಗೆ ಎತ್ತಿಡಿ" ಎಂದರೆ ಅವರ ಮಾತೂ ಉಳಿಯುತ್ತದೆ, ತಟ್ಟೆಯೂ ತುಂಬುವುದಿಲ್ಲ.

ಕುಡಿಯುವ ಗೆಳೆಯರಿಗೆ ಒಂದು ಮಾತು. ಮದ್ಯ ಅರಗಿಸುವ ಕೆಲಸದಲ್ಲಿರುವ ಯಕೃತ್ತು ಗ್ಲುಕೋಸ್ ತಯಾರಿಕೆ ತಗ್ಗಿಸುತ್ತದೆ, ಲೋ ಮರುದಿನ ಬೆಳಿಗ್ಗೆಯೂ ಆಗಬಹುದು. ಲೋ ಆದವರ ತೊದಲು, ತೂರಾಟ ಕುಡಿದವರದರಂತೆಯೇ ಇರುತ್ತದೆ, ಬಾಯಲ್ಲಿ ವಾಸನೆಯೂ ಇದ್ದರೆ ಯಾರೂ ಅನುಮಾನಿಸುವುದಿಲ್ಲ. ಗ್ಲುಕಗಾನ್ ಕೂಡ ಆಗ ಸರಿಯಾಗಿ ಕೆಲಸ ಮಾಡದಿರಬಹುದು. ಖಾಲಿ ಹೊಟ್ಟೆಗೆ ಕುಡಿಸಬೇಡಿ, ಮಲಗುವ ಮೊದಲು ಶುಗರ್ ನೋಡಿಸಿ, ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸಿ.

ಮೀಟರಿನ ಅಂಕಿ ನೋಡಿ ತೀರ್ಪು ಕೊಡಬೇಡಿ

ಬೆಳಿಗ್ಗೆ ಎದ್ದು ನೋಡಿದರೆ 190. "ರಾತ್ರಿ ಎದ್ದು ಏನು ತಿಂದ್ರಿ?" ಎಂದು ಕೇಳುವ ಮೊದಲು ಇದು ಗೊತ್ತಿರಲಿ: ನಸುಕಿನಲ್ಲಿ ಸುಮಾರು 3ರಿಂದ 8 ಗಂಟೆಯ ನಡುವೆ ದೇಹ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನುಗಳನ್ನು ಸುರಿಸಿ ಯಕೃತ್ತಿನಿಂದ ಗ್ಲುಕೋಸ್ ಹೊರಬಿಡಿಸುತ್ತದೆ. ಏನೂ ತಿನ್ನದೆ ಶುಗರ್ ಏರುತ್ತದೆ. ಜ್ವರ, ನಿದ್ದೆಗೇಡು, ಆತಂಕ, ಸ್ಟೀರಾಯ್ಡ್ ಔಷಧಿ, ಎಲ್ಲವೂ ಏರಿಸುತ್ತವೆ. ಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಚುಚ್ಚಿದರೆ ಬೆರಳ ಮೇಲಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಇನ್ನು ಮೀಟರೇ ಶೇ. 15ರಷ್ಟು ಆಚೀಚೆ ತೋರಿಸಬಹುದು. 180 ಎಂದದ್ದು ನಿಜಕ್ಕೂ 160 ಇರಬಹುದು, 200 ಇರಬಹುದು.

ಒಂದು ಅಂಕಿಗೆ ಹಾರಾಡಿದರೆ ಆಗುವುದೊಂದೇ: ಅವರು ನಿಮ್ಮೆದುರು ಬೆರಳು ಚುಚ್ಚಿ ನೋಡಿಕೊಳ್ಳುವುದನ್ನು ನಿಲ್ಲಿಸುತ್ತಾರೆ, ಆಮೇಲೆ ನೋಡಿಕೊಳ್ಳುವುದನ್ನೇ ನಿಲ್ಲಿಸುತ್ತಾರೆ. "ನನ್ನಿಂದೇನಾದ್ರೂ ಆಗ್ಬೇಕಾ?" ಎಂಬಷ್ಟು ಕೇಳಿ ಬಿಟ್ಟುಬಿಡಿ. ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಬಂದಾಗ, ಅವರಿಗೆ ಒಪ್ಪಿಗೆಯಿದ್ದರೆ, ವೈದ್ಯರ ಮುಂದೆ ಜೊತೆಗೆ ಕೂರಿ.

ಸೆನ್ಸರಿನ ಅಂಕಿಯನ್ನು ಫೋನಿನಲ್ಲಿ ಹಂಚಿಕೊಳ್ಳುವ ಮನೆಗಳಲ್ಲಿ ಕರಾರು ಮೊದಲೇ ಆಗಲಿ. ಹೈ ಅಲಾರ್ಮ್ ಮನೆಯವರ ಫೋನಿಗೆ ಬೇಡ. ಲೋ ಅಲಾರ್ಮ್ ಬಂದರೆ ಹತ್ತು ನಿಮಿಷ ಕಾದು ಮೆಸೇಜ್, ಉತ್ತರ ಬರದಿದ್ದರೆ ಫೋನ್, ಅದೂ ಎತ್ತದಿದ್ದರೆ ಹತ್ತಿರವಿರುವವರನ್ನು ಕಳಿಸುವುದು. ರಾತ್ರಿ ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೆ ಅದು ಸುಳ್ಳು ಲೋ ತೋರಿಸುತ್ತದೆ. ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಗೆರೆ ಮೇಲೆ ಬರುತ್ತದೆ. ನಿದ್ದೆಗಣ್ಣಿನಲ್ಲಿ ಸಕ್ಕರೆ ಕುಡಿಸುವ ಮುಂಚೆ ಬೆರಳು ಚುಚ್ಚಿ ನೋಡಿ.

ಮಕ್ಕಳು, ಹಿರಿಯರು

ಟೈಪ್ 1 ಮಧುಮೇಹ (ದೇಹವೇ ಇನ್ಸುಲಿನ್ ತಯಾರಿಸದ ಬಗೆ) ಇರುವ ಮಗು ಹುಟ್ಟುಹಬ್ಬಕ್ಕೆ ಹೋಗಬಹುದು, ಕೇಕೂ ತಿನ್ನಬಹುದು. ಅದಕ್ಕೆ ತಕ್ಕ ಇನ್ಸುಲಿನ್ ಲೆಕ್ಕ ಹಾಕಬೇಕಷ್ಟೆ. ಓಡಿ ಕುಣಿದ ದಿನ ರಾತ್ರಿ ಲೋ ಆಗಬಹುದೆಂದು ಮಲಗಿಸುವ ಮೊದಲು ನೋಡಿ. ಹದಿಹರೆಯದವರ ಕೈಗೆ ಇನ್ಸುಲಿನಿನ ಪೂರ್ತಿ ಹೊಣೆ ಬೇಗ ದಾಟಿಸಿಬಿಡುವುದು ತಂದೆತಾಯಿ ಮಾಡುವ ಸಾಮಾನ್ಯ ತಪ್ಪು. ಚುಚ್ಚಿಕೊಳ್ಳಲು ಬಂದ ಮಾತ್ರಕ್ಕೆ ಮರೆಯದೆ ಚುಚ್ಚಿಕೊಳ್ಳುತ್ತಾರೆ ಎಂದಲ್ಲ. ಒಂದೊಂದೇ ಹೊತ್ತಿನ ಡೋಸ್ ಬಿಟ್ಟುಕೊಡಿ.

ಹಿರಿಯರಲ್ಲಿ ಹೆದರಬೇಕಾದ್ದು 180ಕ್ಕಲ್ಲ, 60ಕ್ಕೆ. ಮಾತ್ರೆ ನುಂಗಿ ಊಟ ಬಿಟ್ಟಿರುತ್ತಾರೆ, ಇಲ್ಲವೇ ನುಂಗಿದ್ದು ಮರೆತು ಮತ್ತೊಮ್ಮೆ ನುಂಗಿರುತ್ತಾರೆ. ವಾರದ ಖಾನೆಗಳಿರುವ ಮಾತ್ರೆ ಡಬ್ಬಿ ಈ ಎರಡನೆಯದಕ್ಕೆ ಮದ್ದು. ಊಟ ಕಡಿಮೆಯಾಗುತ್ತ ಬಂದಿದ್ದರೆ ಡೋಸ್ ತಗ್ಗಿಸಬೇಕೇ ಎಂದು ವೈದ್ಯರನ್ನು ಕೇಳಿ. ಅವರ ಪಾದವನ್ನು, ಬೆರಳುಸಂದಿಯನ್ನೂ ಸೇರಿಸಿ, ದಿನಕ್ಕೊಮ್ಮೆ ಬೇರೆಯವರು ನೋಡಬೇಕು. ಸ್ಪರ್ಶ ಹೋದ ಕಾಲಿಗೆ ಮುಳ್ಳು ಹೊಕ್ಕರೂ ಗೊತ್ತಾಗದು. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು.

ವಾಂತಿ, ಜ್ವರ ಬಂದ ದಿನ

"ಏನೂ ತಿಂದಿಲ್ಲ, ಇನ್ಸುಲಿನ್ ಯಾಕೆ?" ಎಂದು ನಿಲ್ಲಿಸುವುದು ಟೈಪ್ 1ರಲ್ಲಿ ಅಪಾಯಕಾರಿ. ಜ್ವರದಲ್ಲಿ ಉಪವಾಸವಿದ್ದರೂ ಶುಗರ್ ಏರುತ್ತದೆ. ದೀರ್ಘಾವಧಿಯ ಇನ್ಸುಲಿನನ್ನು ನಿಲ್ಲಿಸಬಾರದು. ಮೂರು ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ, ನೀರು ಗುಟುಕು ಗುಟುಕಾಗಿ ಕುಡಿಸಿ, 250 ದಾಟಿದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ) ಪರೀಕ್ಷೆ ಮಾಡಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ಳುವವರಲ್ಲಿ ಶುಗರ್ ಅಷ್ಟೇನೂ ಏರದೆಯೂ ಕೀಟೋನ್ ಏರಬಹುದು. ವಾಂತಿಯಾಗುತ್ತಿರುವಾಗ ಅವನ್ನೂ ಮೆಟ್‌ಫಾರ್ಮಿನನ್ನೂ ಮುಂದುವರಿಸುವ ಮೊದಲು ವೈದ್ಯರಿಗೆ ಫೋನ್ ಮಾಡಿ. ವಾಂತಿ ನಿಲ್ಲದಿದ್ದರೆ, ಉಸಿರು ಆಳವಾಗಿ ವೇಗವಾಗಿ ನಡೆಯುತ್ತಿದ್ದರೆ, ಕೊಳೆತ ಹಣ್ಣಿನಂಥ ವಾಸನೆ ಬಂದರೆ, ಮಂಪರು ಕವಿದರೆ ಅವರು ಬೇಡವೆಂದರೂ ಆಸ್ಪತ್ರೆಗೆ ಹೊರಡಿಸಿ. ಕೇಳದೆ ಕೈಹಾಕಬೇಕಾದ ಎರಡನೇ ಸಂದರ್ಭ ಇದೇ.

ಮನೆಯಲ್ಲಿ ಮಿಕ್ಕ ವಿಷಯ

ಒಬ್ಬರ ಇನ್ಸುಲಿನ್ ಪೆನ್ನನ್ನು ಇನ್ನೊಬ್ಬರು ಬಳಸಬಾರದು, ಹೊಸ ಸೂಜಿ ಹಾಕಿದರೂ. ರಕ್ತ ಹಿಂದಕ್ಕೆ ಪೆನ್ನಿನೊಳಗೆ ಸೇರಿರಬಹುದು. ಬಳಸಿದ ಸೂಜಿ, ಬೆರಳು ಚುಚ್ಚುವ ಲ್ಯಾನ್ಸೆಟ್‌ಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿಡಿ, ಕಸ ಎತ್ತುವವರ ಕೈಗೆ ಚುಚ್ಚದಿರಲಿ. ತೆರೆಯದ ಇನ್ಸುಲಿನ್ ಫ್ರಿಜ್ಜಿನ ನಡುಭಾಗದಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಫ್ರೀಜರಿಗೆ ಹೋಗಿ ಗಟ್ಟಿಯಾದದ್ದನ್ನು ಕರಗಿಸಿ ಬಳಸುವಂತಿಲ್ಲ, ಬಿಸಾಡಬೇಕು.

ಯಾವುದೋ ಬೇರು, ಯಾವುದೋ ಕಷಾಯ ಎಂದು ಸಲಹೆ ಹೊತ್ತು ತರುವ ಬಂಧುಗಳಿಗೆ "ಡಾಕ್ಟರನ್ನ ಕೇಳ್ತೀನಿ" ಎಂದರೆ ಸಾಕು. ಅದನ್ನು ನಂಬಿ ಇನ್ಸುಲಿನ್ ಬಿಟ್ಟರೆ ಮಾತ್ರ ಮನೆಯವರು ಬಾಯಿ ಬಿಡಲೇಬೇಕು.

ಅಷ್ಟು ಕಾಳಜಿಯಿದ್ದರೆ ಮನೆಯವರು ತಮ್ಮ ಶುಗರ್ ನೋಡಿಸಿಕೊಳ್ಳಲಿ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಮಧುಮೇಹ ಮನೆತನದಲ್ಲಿ ಹರಿದು ಬರುತ್ತದೆ. ಒಡಹುಟ್ಟಿದವರು, ಮಕ್ಕಳು ಪರೀಕ್ಷೆ ಮಾಡಿಸಬೇಕು. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅಂಚಿನಲ್ಲಿದ್ದೀರಿ. 126 ಅಥವಾ 6.5 ಮುಟ್ಟಿದರೆ ಮಧುಮೇಹ. ಸಾಮಾನ್ಯವಾಗಿ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಬಸುರಿನಲ್ಲಿ ಶುಗರ್ ಬಂದು ಹೆರಿಗೆಯಾದ ಮೇಲೆ ಹೋದವರು ಹೆರಿಗೆಯ 4ರಿಂದ 12 ವಾರದೊಳಗೆ 75 ಗ್ರಾಂ ಗ್ಲುಕೋಸ್ ಕುಡಿದು ಮಾಡುವ ಪರೀಕ್ಷೆ ಮಾಡಿಸಿ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಖಾಲಿ ಹೊಟ್ಟೆಯ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು.